ಇಂದಿನ ಧಮ್ಮ ಚಿಂತನೆ: ಮುಯ್ಯಾಳೋ, ಬಿಟ್ಟಿ ಚಾಕರಿಯೋ?





ಇಂದು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಜನರ ಒಂದು ಪದ್ಧತಿಯನ್ನು ನೋಡೋಣ. ಪೆರು ಮತ್ತು ಬೊಲಿವಿಯಾ ದೇಶಗಳಲ್ಲಿ, ಸಮುದ್ರ ಮಟ್ಟದಿಂದ 3,500 ಮೀಟರಿಗೂ ಎತ್ತರದ ಹಳ್ಳಿಗಳಲ್ಲಿ ಕೆಚುವಾ ಮತ್ತು ಐಮಾರಾ ಜನ ಬದುಕುತ್ತಾರೆ. ಆಲೂಗಡ್ಡೆ ಅವರ ಮುಖ್ಯ ಬೆಳೆ. ಅಲ್ಲಿ ಯಾವಾಗ ಆಲಿಕಲ್ಲು ಬೀಳುತ್ತದೋ, ಯಾವಾಗ ನೆಲ ಹೆಪ್ಪುಗಟ್ಟುವ ಚಳಿ ಬರುತ್ತದೋ ಹೇಳಲಾಗದು. ಬಿತ್ತನೆ, ಕೊಯ್ಲು ಕೆಲವೇ ದಿನಗಳಲ್ಲಿ ಮುಗಿಯಬೇಕು. ಒಂದೇ ಮನೆಯವರಿಂದ ಆಗುವ ಕೆಲಸವಲ್ಲ.

*ಐನಿ ಎಂದರೇನು?*

ಅದಕ್ಕೆ ಅವರು ಮಾಡಿಕೊಂಡ ವ್ಯವಸ್ಥೆಯೇ 'ಐನಿ'. ಇಂದು ನೀವು ನನ್ನ ಹೊಲಕ್ಕೆ ಬಂದು ಒಂದು ದಿನ ದುಡಿದರೆ, ನಾನು ನಿಮ್ಮ ಹೊಲದಲ್ಲಿ ಒಂದು ದಿನ ದುಡಿಯಬೇಕು. ನನಗೆ ಆಗದಿದ್ದರೆ ನನ್ನ ಮನೆಯವರು ಯಾರಾದರೂ ಹೋಗಬೇಕು. ಕೂಲಿ ಇಲ್ಲ, ಬರಹವಿಲ್ಲ, ಆದರೆ ಲೆಕ್ಕ ಎಲ್ಲರಿಗೂ ನೆನಪಿರುತ್ತದೆ. ಆ ದಿನದ ಊಟ ಹೊಲದವರದು. ಹೊಸ ಮನೆಗೆ ಚಾವಣಿ ಹಾಕುವಾಗಲೂ ಹೀಗೆಯೇ. ನಮ್ಮ ಹಳ್ಳಿಗಳಲ್ಲಿ 'ಮುಯ್ಯಾಳು' ಎನ್ನುತ್ತಾರಲ್ಲ, ಅದೇ ಇದು.

ಅವರ ಎಲ್ಲ ಆಚರಣೆಗಳೂ ನಮ್ಮ ದಾರಿಯಲ್ಲ. ಭೂಮಾತೆ ಪಚಮಾಮಾಗೆ ಮದ್ಯ ಎರೆಯುವುದು ಅವರ ನಂಬಿಕೆ. 22 ಪ್ರತಿಜ್ಞೆ ಸ್ವೀಕರಿಸಿದ ನಮಗೆ ಅದು ಬೇಕಿಲ್ಲ. ನಾವು ಗಮನಿಸಬೇಕಾದದ್ದು ಕೊಟ್ಟದ್ದು ಸಮನಾಗಿ ಹಿಂದಿರುಗುತ್ತದೆಯೇ ಎಂಬುದನ್ನು.

*ಅದೇ ಜನ, ಇನ್ನೊಂದು ದುಡಿಮೆ*

ಇದೇ ಬೆಟ್ಟಗಳಲ್ಲಿ 'ಮಿತಾ' ಎಂಬ ಇನ್ನೊಂದು ಮಾತಿತ್ತು. ಅದರ ಅರ್ಥ ಸರದಿ. 1570ರ ದಶಕದಲ್ಲಿ ಸ್ಪೇನಿನ ವೈಸ್‌ರಾಯ್ ಫ್ರಾನ್ಸಿಸ್ಕೊ ಡಿ ಟೊಲೆಡೊ ಅದೇ ಮಾತಿನ ಹೆಸರಿನಲ್ಲಿ ಹಳ್ಳಿಗರನ್ನು ಸರದಿಯಂತೆ ಪೊಟೊಸಿಯ ಬೆಳ್ಳಿ ಗಣಿಗೆ ಒತ್ತಾಯದಿಂದ ಕಳಿಸಿದ. ಹೆಸರು ಹಳೆಯದೇ ಉಳಿಯಿತು, ಒಳಗಿನ ನ್ಯಾಯ ಹೋಯಿತು.

ಮುಂದೆ ದೊಡ್ಡ ಜಮೀನ್ದಾರರು ಬಂದರು. ಅವರ ಭೂಮಿಯ ಮೂಲೆಯಲ್ಲಿ ತುಂಡು ನೆಲ ಉಳುವ ಕುಟುಂಬ, ಸರದಿಯಂತೆ ಧಣಿಯ ಮನೆಯಲ್ಲಿ ಸಂಬಳವಿಲ್ಲದೆ ಚಾಕರಿ ಮಾಡಬೇಕಿತ್ತು. ಆ ಆಳಿಗೆ 'ಪೊಂಗೊ' ಎಂದು ಹೆಸರು. ಕೆಚುವಾದಲ್ಲಿ ಬಾಗಿಲು ಎಂಬ ಅರ್ಥದ 'ಪುಂಕು'ವಿನಿಂದ ಬಂದ ಮಾತು. ಹೆಂಗಸರಿಗೂ ಸರದಿ ಇತ್ತು: ಅಡುಗೆ, ಬಟ್ಟೆ, ಮಕ್ಕಳ ಆರೈಕೆ. ಧಣಿಗಳು ತಮ್ಮ ಪೊಂಗೊವನ್ನು ಬೇರೆಯವರಿಗೆ ಬಾಡಿಗೆಗೂ ಕೊಡುತ್ತಿದ್ದರು. ಧಣಿ ಎಂದೂ ಪೊಂಗೊವಿನ ಹೊಲಕ್ಕೆ ಮುಯ್ಯಿ ತೀರಿಸಲು ಬರಲಿಲ್ಲ.

1945ರಲ್ಲಿ ಲಾ ಪಾಸ್‌ನಲ್ಲಿ ಮೂಲನಿವಾಸಿಗಳ ಮಹಾಸಭೆ ನಡೆಯಿತು. ಅಧ್ಯಕ್ಷ ವಿಯರೊಯೆಲ್ ಈ ಚಾಕರಿಯನ್ನು ರದ್ದುಮಾಡುವ ಆಜ್ಞೆ ಹೊರಡಿಸಿದರು. ಜಮೀನ್ದಾರರು ಒಪ್ಪಲಿಲ್ಲ. 1946ರ ಜುಲೈನಲ್ಲಿ ದಂಗೆಯ ಗುಂಪು ಆ ಅಧ್ಯಕ್ಷರನ್ನೇ ಕೊಂದು ದೀಪದ ಕಂಬಕ್ಕೆ ನೇತುಹಾಕಿತು. 1952ರ ಕ್ರಾಂತಿ, 1953ರ ಭೂಸುಧಾರಣೆ ಬಂದ ಮೇಲೆಯೇ ಬೊಲಿವಿಯಾದಲ್ಲಿ ಆ ಪದ್ಧತಿ ಮುರಿದುಬಿತ್ತು. ಪೆರುವಿನಲ್ಲಿ ಭೂಸುಧಾರಣೆಗೆ 1969ರವರೆಗೆ ಕಾಯಬೇಕಾಯಿತು.

*ಬಾಬಾಸಾಹೇಬರು ಕಂಡದ್ದು*

ಈ ಕಥೆ ನಮಗೆ ಹೊಸದಲ್ಲ. ಮಹಾರ್ ವತನದ ಹೆಸರಿನಲ್ಲಿ ತುಂಡು ಭೂಮಿ ತೋರಿಸಿ ಇಡೀ ಕುಟುಂಬವನ್ನು ಹಗಲಿರುಳು ದುಡಿಸುತ್ತಿದ್ದರು. ಅದರ ವಿರುದ್ಧ ಬಾಬಾಸಾಹೇಬರು 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಮಸೂದೆ ಮಂಡಿಸಿದರು. ಬೆಳಗಾವಿ, ಬಿಜಾಪುರ, ಧಾರವಾಡ ಆಗ ಅದೇ ಪ್ರಾಂತ್ಯದಲ್ಲಿದ್ದವು. ಊರಿನಲ್ಲಿ ಮುಯ್ಯಾಳು ಇತ್ತು ನಿಜ. ಆದರೆ ಎಷ್ಟೋ ಕಡೆ ನಮ್ಮ ಹಿರಿಯರ ಪಾಲಿಗೆ ಬಂದದ್ದು ಬಿಟ್ಟಿ ಚಾಕರಿ. ಊರವರು ಅದನ್ನೂ 'ಪದ್ಧತಿ' ಎಂದೇ ಕರೆದರು.

*ಧಮ್ಮ ಏನು ಹೇಳುತ್ತದೆ?*

ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ಜನರನ್ನು ಒಟ್ಟಾಗಿ ಹಿಡಿದಿಡುವ ನಾಲ್ಕು ಗುಣಗಳನ್ನು ಹೇಳುತ್ತಾರೆ: ದಾನ, ಪ್ರಿಯವಾದ ಮಾತು, ಇನ್ನೊಬ್ಬರ ಹಿತಕ್ಕೆ ದುಡಿಯುವುದು, ಸಮಾನವಾಗಿ ಕಾಣುವುದು. ಮೊದಲ ಮೂರೂ ಇದ್ದು ನಾಲ್ಕನೆಯದು ಇಲ್ಲದಿದ್ದರೆ, ಧಣಿಯ ಮನೆಯ ಒಳ್ಳೆಯ ಮಾತೂ ಆಳನ್ನು ಆಳಾಗಿಯೇ ಇಡುತ್ತದೆ. ಅದೇ ಸುತ್ತದಲ್ಲಿ ಯಜಮಾನನ ಕರ್ತವ್ಯವೂ ಇದೆ: ಶಕ್ತಿಗೆ ತಕ್ಕ ಕೆಲಸ ಕೊಡು, ಊಟ ಮತ್ತು ಕೂಲಿ ಕೊಡು, ಕಾಯಿಲೆಯಲ್ಲಿ ನೋಡಿಕೋ, ಒಳ್ಳೆಯ ತಿನಿಸು ಹಂಚಿಕೋ, ಸಮಯಕ್ಕೆ ಬಿಡುವು ಕೊಡು.

*ಇಂದು ನಮ್ಮನ್ನೇ ಕೇಳಿಕೊಳ್ಳೋಣ*

ಬುದ್ಧ ಪೂರ್ಣಿಮೆಯ ದಿನ ವಿಹಾರದಲ್ಲಿ ಭಾಷಣ ನಡೆಯುವಾಗ ಅಡುಗೆಮನೆಯಲ್ಲಿ ಯಾರಿರುತ್ತಾರೆ? ಪಾತ್ರೆ ತೊಳೆಯುವವರು ಪ್ರತಿವರ್ಷ ಅದೇ ತಾಯಂದಿರೇ? ಅವರು ಪ್ರವಚನ ಕೇಳಲು ಕೂರುವ ಸರದಿ ಯಾವಾಗ? ಸರದಿ ತಿರುಗದಿದ್ದರೆ ಅದನ್ನು ಸೇವೆ ಎಂದು ಕರೆದು ಸುಮ್ಮನಾಗಬಾರದು.

*ಇಂದಿನ ಅಭ್ಯಾಸ:* ನಿಮಗಾಗಿ ದುಡಿದು, ನೀವು ಇನ್ನೂ ಮುಯ್ಯಿ ತೀರಿಸದ ಒಬ್ಬರನ್ನು ನೆನೆಯಿರಿ. ಈ ವಾರದಲ್ಲಿ ಅವರ ಕೆಲಸಕ್ಕೆ ಒಂದು ದಿನ ಕೈಜೋಡಿಸಿ. ಅದನ್ನು ಮೊದಲು ಮನೆಯಿಂದಲೇ ಶುರುಮಾಡಬಹುದು.

ಭವತು ಸಬ್ಬ ಮಂಗಲಂ.
ಸಾಧು! ಸಾಧು! ಸಾಧು! 🙏