ಮೊದಲು ಕಾಗದದ ಮೇಲೆ ಮನೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತ ಹಿರಿಯರು ಹೇಳುತ್ತಾರೆ. ಮಗಳ ಮದುವೆ ಮಾಡಿ ನೋಡಿದ್ದೆವು. ಈಗ ಮನೆಯ ಸರದಿ ಬಂತು.

ನಮ್ಮದು ಬಯಲುಸೀಮೆಯ ಹಳ್ಳಿ. ಹಳೆಯ ಮನೆ ಸೋರುತ್ತಿತ್ತು. ಊರಂಚಿನಲ್ಲಿ ನಮಗೆ 40 ಅಡಿ ಅಗಲ, 60 ಅಡಿ ಉದ್ದದ ನಿವೇಶನ ಇತ್ತು. ಅಲ್ಲೇ ಹೊಸ ಮನೆ ಕಟ್ಟೋಣ ಅಂದುಕೊಂಡೆವು. ಖಾತೆ ಪತ್ರ ತೆಗೆದುಕೊಂಡು ಹೋಗಿ ಪಂಚಾಯಿತಿಯಲ್ಲಿ ಪರವಾನಗಿ ಪಡೆದೆವು.

ಮೇಸ್ತ್ರಿ ಬಂದರು. "ನಾಳೆ ಪೂಜೆ ಮಾಡಿ, ನಾಡಿದ್ದು ಪಾಯ ತೆಗೆಯೋಣ" ಅಂದರು.

"ಸ್ವಲ್ಪ ತಡೀರಿ ಮೇಸ್ತ್ರಿ. ಮೊದಲು ಕಾಗದದ ಮೇಲೆ ಮನೆ ಕಟ್ಟೋಣ" ಅಂದೆವು ನಾವು.

ಮೇಸ್ತ್ರಿ ನಕ್ಕರು. ಆದರೆ ನಾವು ಬಿಡಲಿಲ್ಲ. ಕಲಿಕಾ ಕೇಂದ್ರದ ನೋಟ್ ಪುಸ್ತಕ ತೆಗೆದೆವು. 20 ಅಡಿ ಅಗಲ, 30 ಅಡಿ ಉದ್ದದ ಮನೆಯ ಗೆರೆ ಎಳೆದೆವು. ಮನೆಯೆಂದರೆ ನಾಲ್ಕು ಗೋಡೆ ಮಾತ್ರವಲ್ಲ. ನೀರು ಎಲ್ಲಿಂದ ಬರಬೇಕು? ಕೊಳೆ ಎಲ್ಲಿಗೆ ಹೋಗಬೇಕು? ಕರೆಂಟು ಎಲ್ಲಿ ಹರಿಯಬೇಕು? ಹೊಗೆ ಹೇಗೆ ಹೊರಗೆ ಹೋಗಬೇಕು? ಇವನ್ನು ಪಾಯ ತೆಗೆಯುವ ಮುಂಚೆಯೇ ಯೋಚಿಸಬೇಕು. ಗೋಡೆ ಎದ್ದ ಮೇಲೆ ಒಡೆದು ಪೈಪು ಹಾಕಿದರೆ ಖರ್ಚು ಎರಡು ಪಟ್ಟು.

ಕೊಳೆ ಹೋಗುವ ದಾರಿ

"ಪಾಯಿಖಾನೆ ಗುಂಡಿ ಹಿತ್ತಲಲ್ಲಿ ಇರಲಿ" ಅಂದರು ಮೇಸ್ತ್ರಿ. ನಮ್ಮ ಹಿತ್ತಲ ಬೇಲಿಯ ಆಚೆಗೇ ಬೀದಿಯ ಕೈಪಂಪು ಇದೆ. ಅರ್ಧ ಊರು ಅದೇ ನೀರು ಕುಡಿಯುತ್ತದೆ.

ಹಳೆಯ ಮನೆಯ ಹತ್ತಿರವೂ ಹೀಗೇ ಇತ್ತು. ಬಾವಿಗೆ ನಾಲ್ಕು ಹೆಜ್ಜೆ ದೂರದಲ್ಲಿ ಗುಂಡಿ. ಒಂದು ಮಳೆಗಾಲ ನಮ್ಮ ಚಿಕ್ಕ ಮಗನಿಗೆ ವಾಂತಿ ಭೇದಿ ಶುರುವಾಯಿತು. ಕಣ್ಣು ಒಳಗೆ ಹೋಯಿತು. ಆಸ್ಪತ್ರೆಯಲ್ಲಿ ಮೂರು ದಿನ ಗ್ಲೂಕೋಸು ಹಾಕಿದರು. "ಕುಡಿಯೋ ನೀರು ಎಲ್ಲಿಂದ ತರ್ತೀರಮ್ಮಾ?" ಅಂತ ನರ್ಸಮ್ಮ ಕೇಳಿದರು. ಬಾವಿಯ ವಿಷಯ ಹೇಳಿದೆವು. ಅವರು ತಲೆ ಚಚ್ಚಿಕೊಂಡರು. ಮಗ ಉಳಿದ. ಆ ಮಾತು ನಾವು ಮರೆತಿಲ್ಲ.

ಗುಂಡಿಯ ಕೊಳೆ ಮಣ್ಣಿನಲ್ಲಿ ಇಂಗುತ್ತದೆ. ಬಾವಿ, ಕೈಪಂಪು ಹತ್ತಿರ ಇದ್ದರೆ ರೋಗಾಣು ಆ ನೀರನ್ನು ಸೇರಬಹುದು. ಆದ್ದರಿಂದ ಗುಂಡಿಗೂ ಕುಡಿಯುವ ನೀರಿಗೂ 50 ಅಡಿ ದೂರ ಇರಲಿ ಅಂತ ನಿಶ್ಚಯಿಸಿದೆವು. ಟೇಪು ಹಿಡಿದು ಅಳೆದೆವು. ಮನೆಯ ಮುಂದಿನ ಮೂಲೆಯಲ್ಲಿ ಮಾತ್ರ 55 ಅಡಿ ಸಿಕ್ಕಿತು.

ಅತ್ತೆಗೆ ಸಿಟ್ಟು ಬಂತು. "ಬಾಗಿಲ ಮುಂದೆ ಪಾಯಿಖಾನೆಯಾ? ನೆಂಟರು ಏನಂದಾರು?"

"ಅತ್ತೆ, ನೆಂಟರು ಒಂದು ದಿನ ಇರ್ತಾರೆ. ಮಕ್ಕಳು ದಿನಾ ನೀರು ಕುಡೀತಾರೆ" ಅಂದೆವು. ಅತ್ತೆ ಆ ದಿನ ಮಾತಾಡಲಿಲ್ಲ. ಮಾರನೆಯ ದಿನ ತಾವೇ ಬಂದು, "ಮಗ ಆಸ್ಪತ್ರೇಲಿ ಮಲಗಿದ್ದು ನೆನಪಾಯ್ತು. ಹಾಗೇ ಮಾಡ್ರಿ. ಮುಂದೆ ಒಂದು ದಾಸವಾಳದ ಗಿಡ ನೆಡಿ, ಮರೆಯಾಗ್ಲಿ" ಅಂದರು.

ನಾವು ಜೋಡಿ ಗುಂಡಿ ತೆಗೆಸಿದೆವು. ಒಂದೊಂದೂ ಸುಮಾರು 3 ಅಡಿ ಅಗಲ, 4 ಅಡಿ ಆಳ. ಎರಡರ ನಡುವೆ 3 ಅಡಿ ಅಂತರ. ಸುತ್ತ ಇಟ್ಟಿಗೆ, ನಡುನಡುವೆ ಸಂದು. ತಳಕ್ಕೆ ಸಿಮೆಂಟು ಹಾಕಬಾರದು. ಹಾಕಿದರೆ ನೀರು ಇಂಗುವುದಿಲ್ಲ. ಮೇಲೆ ಭದ್ರವಾದ ಮುಚ್ಚಳ ಇರಬೇಕು. ಒಂದು ಸಲಕ್ಕೆ ಒಂದೇ ಗುಂಡಿ ಬಳಸಬೇಕು. ಐದು ಜನರ ಮನೆಗೆ ಅದು ತುಂಬಲು ಸುಮಾರು 3 ವರ್ಷ ಬೇಕು. ಆಮೇಲೆ ಅದರ ದಾರಿ ಕಟ್ಟಿ, ಎರಡನೆಯದಕ್ಕೆ ಬಿಡಬೇಕು. ಮೊದಲನೆಯದನ್ನು ಒಂದು ವರ್ಷಕ್ಕಿಂತ ಹೆಚ್ಚು ಮುಚ್ಚಿಟ್ಟರೆ ಒಳಗಿನದು ಗೊಬ್ಬರವಾಗುತ್ತದೆ. ಬೇಸನ್ನಿನ ಬಾಗಿದ ಕೊಳವೆಯಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಅದು ವಾಸನೆಯನ್ನು ತಡೆಯುತ್ತದೆ.

ಬಚ್ಚಲ ನೀರನ್ನು ಈ ಗುಂಡಿಗೆ ಬಿಡಬಾರದು. ನಾವು ಅದನ್ನು ಬಾಳೆ ಬುಡಕ್ಕೆ ಬಿಟ್ಟೆವು.

ನೀರು ಬರುವ ದಾರಿ

ಜಲಜೀವನ್ ಮಿಷನ್ ಯೋಜನೆ 2019ರಲ್ಲಿ ಶುರುವಾಯಿತು. ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಎಂಬುದು ಅದರ ಲೆಕ್ಕ. ನಾವು ಐದು ಜನ. 55 x 5 = 275 ಲೀಟರ್. ನಲ್ಲಿ ಮೂರು ದಿನ ಬಾರದಿದ್ದರೂ 1000 ಲೀಟರಿನ ಟ್ಯಾಂಕು ಸಾಕು.

ಆದರೆ 1000 ಲೀಟರ್ ನೀರಿನ ತೂಕ 1000 ಕಿಲೊ. ಅಂದರೆ ಹತ್ತು ಕ್ವಿಂಟಾಲ್! ತಾರಸಿಯ ನಡುವೆ ಇಟ್ಟರೆ ಭಾರ ತಡೆಯದೆ ಬಿರುಕು ಬಿಟ್ಟೀತು. ಗೋಡೆಗಳು ಸೇರುವ ಮೂಲೆಯ ಮೇಲೆ ಕಟ್ಟೆ ಕಟ್ಟಿ ಇಡಬೇಕು. ಅದನ್ನು ನಕ್ಷೆಯಲ್ಲೇ ಗುರುತು ಮಾಡಿದೆವು. ಬಚ್ಚಲು, ಅಡಿಗೆಮನೆ ಎರಡನ್ನೂ ಅದೇ ಕಡೆ ಇಟ್ಟೆವು. ಪೈಪಿನ ಖರ್ಚು ಉಳಿಯಿತು.

ಮಳೆ ನೀರನ್ನೂ ಬಿಡಲಿಲ್ಲ. ನಮ್ಮ ತಾರಸಿ 600 ಚದರ ಅಡಿ. ಅದರ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 55 ಲೀಟರ್ ನೀರು. ವರ್ಷಕ್ಕೆ 600 ಮಿಲಿಮೀಟರ್ ಮಳೆಯಾದರೆ 33,000 ಲೀಟರ್! ಅಷ್ಟನ್ನೂ ಹಿಡಿಯಲು ಆಗದು. ನಾವು 6000 ಲೀಟರಿನ ತೊಟ್ಟಿ ಕಟ್ಟಿಸಿದೆವು. ಕುಡಿಯಲು, ಅಡಿಗೆಗೆ ದಿನಕ್ಕೆ 50 ಲೀಟರ್ ಬಳಸಿದರೆ 120 ದಿನ ಬರುತ್ತದೆ. ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು. ಆಮೇಲಿನದನ್ನು ಮರಳು, ಜಲ್ಲಿಯಲ್ಲಿ ಸೋಸಿ ತೊಟ್ಟಿಗೆ ಬಿಡಬೇಕು. ಕುಡಿಯುವುದನ್ನು ಕುದಿಸಬೇಕು.

ಕರೆಂಟು

ತಾರಸಿ ಹಾಕುವ ಮುಂಚೆಯೇ ಕರೆಂಟಿನ ಪೈಪು, ಫ್ಯಾನಿನ ಕೊಕ್ಕೆ ಇಡಬೇಕು. ದೀಪ ಎಲ್ಲಿ, ಸ್ವಿಚ್ಚು ಎಲ್ಲಿ ಅಂತ ನಕ್ಷೆಯಲ್ಲಿ ಚುಕ್ಕೆ ಇಟ್ಟೆವು. ಬಚ್ಚಲ ನಲ್ಲಿಯ ಹತ್ತಿರ ಸ್ವಿಚ್ಚು ಬೇಡ ಅಂದೆವು. ಕೆಲಸವನ್ನು ಲೈಸೆನ್ಸ್ ಇರುವವರಿಗೇ ಕೊಟ್ಟೆವು.

ಅರ್ಥಿಂಗ್ ಮರೆಯಬಾರದು. ಗುಂಡಿ ತೆಗೆದು, ಕಬ್ಬಿಣದ ಪೈಪು ಇಟ್ಟು, ಇದ್ದಿಲು, ಉಪ್ಪು ತುಂಬುತ್ತಾರೆ. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುತ್ತಿರಬೇಕು. ಕರೆಂಟು ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿಯರ್‌ನ ಸ್ವಿಚ್ಚೂ ಸಿಗುತ್ತದೆ. ಒಂದು ಜೀವದ ಮುಂದೆ ಅದರ ಬೆಲೆ ಹೆಚ್ಚೇನಲ್ಲ. ವೈರಿನ ಮೇಲೆ ಐ.ಎಸ್.ಐ. ಗುರುತು ಇದೆಯಾ ಅಂತ ನಾವೇ ಓದಿ ನೋಡಿದೆವು.

ಗಾಳಿ ಮತ್ತು ಹೊಗೆ

ಒಂದು ಕಿಟಕಿಗೆ ಎದುರಾಗಿ ಇನ್ನೊಂದು ಕಿಟಕಿ ಇಟ್ಟೆವು. ಗಾಳಿ ಆಡುತ್ತದೆ. ಗ್ಯಾಸ್ ಇದ್ದರೂ ನೀರು ಕಾಯಿಸಲು ಸೌದೆ ಒಲೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಗಿತ್ತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವುದು ಅದರ ಕೆಲಸ. ಅಲ್ಲಿ ರೂಪಿಸಿದ ಹೊಗೆ ಕೊಳವೆಯ ಒಲೆಗೆ 'ಅಸ್ತ್ರ ಒಲೆ' ಅಂತಲೇ ಹೆಸರು. ಸೌದೆ ಕಡಿಮೆ ಸಾಕು. ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ. ನಾವೂ ಬಚ್ಚಲ ಒಲೆಗೆ ಹೊಗೆ ಕೊಳವೆ ಇಡಿಸಿದೆವು.

ಬರೆದ ಕರಾರು

ಹಿಂದೆ ಒಮ್ಮೆ ಕೊಟ್ಟಿಗೆ ಕಟ್ಟಿಸಿದ್ದೆವು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದೆವು. ಹಂಚಿನ ದುಡ್ಡು ಕೊಟ್ಟ ಮೇಲೂ "ಹಂಚು ನಿಮ್ಮ ಪಾಲಿಗೆ ಅಂತ ಬರೆದಿದೆ" ಅಂದುಬಿಟ್ಟರು. ಓದಲು ಬರುತ್ತಿರಲಿಲ್ಲ. ಕರು ಮಾರಿ ದುಡ್ಡು ಕಟ್ಟಿದೆವು.

ಈ ಸಲ ಕರಾರನ್ನು ನಾವೇ ಬರೆದೆವು. ಎರಡು ಪ್ರತಿ. ಮನೆಯ ಅಳತೆ, ಗೋಡೆಯ ದಪ್ಪ, ಯಾರು ಏನು ತರಬೇಕು, ಎಲ್ಲವೂ ಅದರಲ್ಲಿದೆ. ಇಟ್ಟಿಗೆ ಕಟ್ಟಲು ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಅಂತಲೂ ಬರೆದೆವು. ಹಣ ಕಂತಿನಲ್ಲಿ: ಪಾಯಕ್ಕೆ, ಗೋಡೆಗೆ, ತಾರಸಿಗೆ, ಗಾರೆಗೆ. ನಲ್ಲಿ, ದೀಪ, ಪಾಯಿಖಾನೆ ಪರೀಕ್ಷಿಸಿದ ಮೇಲೆ ಕೊನೆಯ ಕಂತು.

ಸಿಮೆಂಟಿನ ಒಂದು ಮೂಟೆ 50 ಕಿಲೊ. ಬಂದ ಮೂಟೆ ಎಣಿಸಿ ಬರೆದಿಟ್ಟೆವು. ಮೂಟೆಯ ಮೇಲೆ ತಯಾರಾದ ಕಾಲ ಅಚ್ಚಾಗಿರುತ್ತದೆ. ಮೂರು ತಿಂಗಳು ಕಳೆದದ್ದನ್ನು ವಾಪಸು ಕಳಿಸಿದೆವು. ಕಟ್ಟಿದ ಗೋಡೆಗೆ, ತಾರಸಿಗೆ ಕಡಿಮೆ ಅಂದರೂ 10 ದಿನ ನೀರು ಕುಡಿಸಿದೆವು.

ಕರಾರಿಗೆ ಸಹಿ ಹಾಕುವಾಗ ಮೇಸ್ತ್ರಿ ಮಸಿ ಡಬ್ಬಿ ಮುಂದೆ ತಳ್ಳಿದರು. ಅತ್ತೆ ಅದನ್ನು ಪಕ್ಕಕ್ಕೆ ಸರಿಸಿದರು. "ಪೆನ್ನು ಕೊಡಿ ಮೇಸ್ತ್ರಿ. ಸಾಕ್ಷಿಗೆ ನಾನೂ ಸಹಿ ಹಾಕ್ತೀನಿ" ಅಂದರು.

ಲೆಕ್ಕ ಮಾಡೋಣ

1. ನಿಮ್ಮ ಮನೆಯಲ್ಲಿ ಎಷ್ಟು ಜನ? ಒಬ್ಬರಿಗೆ 55 ಲೀಟರಿನಂತೆ ದಿನಕ್ಕೆ ಎಷ್ಟು ನೀರು ಬೇಕು?
2. 40 ಮೂಟೆ ಸಿಮೆಂಟು ಎಷ್ಟು ಕಿಲೊ?

ಉತ್ತರ ಬರೆಯೋಣ

1. ಪಾಯಿಖಾನೆ ಗುಂಡಿಯನ್ನು ಹಿತ್ತಲಲ್ಲಿ ಯಾಕೆ ತೆಗೆಸಲಿಲ್ಲ?
2. ಗುಂಡಿಯ ತಳಕ್ಕೆ ಸಿಮೆಂಟು ಯಾಕೆ ಹಾಕಬಾರದು?
3. ಕೊನೆಯ ಕಂತನ್ನು ಯಾವಾಗ ಕೊಡಬೇಕು?

ಮಾತಾಡೋಣ

ನಿಮ್ಮ ಬೀದಿಯ ಬಾವಿ ಅಥವಾ ಕೈಪಂಪಿಗೂ ಹತ್ತಿರದ ಗುಂಡಿಗೂ ಎಷ್ಟು ಅಡಿ ದೂರವಿದೆ? ಎಲ್ಲರೂ ಸೇರಿ ಅಳೆಯಿರಿ. ಬರೆದಿಡಿ. ಪಂಚಾಯಿತಿಗೆ ತಿಳಿಸಿ.