ಸಿಗರೇಟಿನ ಲಾಭ ಬೇಡವೆಂದರೆ ನಷ್ಟವೆಷ್ಟು?

ಪ್ರಶ್ನೆ: ನಾನು ಪಿರಿಯಾಪಟ್ಟಣ ತಾಲ್ಲೂಕಿನವಳು, ನಿವೃತ್ತ ಶಿಕ್ಷಕಿ. ನಮ್ಮ ಯಜಮಾನರು ಸಿಗರೇಟಿನ ಚಟದಿಂದ ಗಂಟಲು ಕ್ಯಾನ್ಸರ್ ಬಂದು ಆರು ವರ್ಷದ ಹಿಂದೆ ಹೋಗಿಬಿಟ್ಟರು. ನಿವೃತ್ತಿ ಹಣದಲ್ಲಿ 10 ಲಕ್ಷ ರೂಪಾಯಿಯನ್ನು ಮ್ಯೂಚುವಲ್ ಫಂಡಿಗೆ ಹಾಕೋಣ ಎಂದು ಮಗ ಹೇಳುತ್ತಿದ್ದಾನೆ. ಅವನು ತೋರಿಸಿದ ಫಂಡಿನ ಪಟ್ಟಿಯಲ್ಲಿ ಸಿಗರೇಟು ತಯಾರಿಸುವ ಐಟಿಸಿ ಕಂಪನಿಯ ಹೆಸರಿತ್ತು. ಅದು ಬೇಡ ಅಂದೆ. ‘ಅಮ್ಮ, ಹೀಗೆ ಆರಿಸುತ್ತಾ ಕೂತರೆ ಲಾಭ ಕೈತಪ್ಪುತ್ತೆ’ ಅಂದ. ನನ್ನ ಹಟದಿಂದ ನಾಳೆ ಮೊಮ್ಮಕ್ಕಳ ಓದಿಗೆ ಆಗಬೇಕಾದ ದುಡ್ಡು ಕಡಿಮೆಯಾಗುತ್ತದೆಯೇ?

ಉತ್ತರ: ತಾಯಿ, ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ. 2022ನೇ ಇಸವಿಯನ್ನೇ ನೋಡಿ. ಸಾಮಾಜಿಕ ಜವಾಬ್ದಾರಿಯ ಫಂಡುಗಳು ಇಷ್ಟಪಟ್ಟು ಕೊಳ್ಳುವ ಸಾಫ್ಟ್‌ವೇರ್ ಷೇರುಗಳ ಸೂಚ್ಯಂಕ ಆ ವರ್ಷ ಕಾಲು ಭಾಗದಷ್ಟು ಇಳಿಯಿತು. ಐಟಿಸಿ ಷೇರು ಮಾತ್ರ ಸುಮಾರು ಒಂದೂವರೆ ಪಟ್ಟಾಯಿತು. ಅದನ್ನು ಕಣ್ಣಾರೆ ಕಂಡವರಿಗೆ ನಿಮ್ಮ ಮಾತು ದುಬಾರಿ ಅನಿಸುವುದು ಸಹಜ.

ಆದರೆ ಅದಕ್ಕೂ ಹಿಂದಿನ ಕಥೆ ಬೇರೆ. 2017ರ ಜುಲೈನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟಿನ ಮೇಲಿನ ಸೆಸ್ ಏರಿಸಿತು. ಮರುದಿನವೇ ಅದೇ ಷೇರು ಶೇ 12ಕ್ಕೂ ಹೆಚ್ಚು ಕುಸಿಯಿತು. ಆಮೇಲೆ ವರ್ಷಗಟ್ಟಲೆ ಅದನ್ನು ಹಿಡಿದುಕೊಂಡವರು ಕೈಕೈ ಹಿಸುಕಿಕೊಂಡಿದ್ದರು. ಯಾವ ವರ್ಷದಿಂದ ಲೆಕ್ಕ ಶುರುಮಾಡುತ್ತೇವೆ ಎನ್ನುವುದರ ಮೇಲೆ ಉತ್ತರ ತಿರುಗುತ್ತದೆ. ಹಾಗಾಗಿ ಅವನೂ ನೀವೂ ಕೂತು ಬೇರೊಂದು ಲೆಕ್ಕ ಮಾಡಿ.

ನಿಮ್ಮ ಫಂಡು ನಿಫ್ಟಿ 50 ಸೂಚ್ಯಂಕದಂತೆಯೇ ಹಣ ಹಂಚುತ್ತದೆ, ಅದರಲ್ಲಿ ಐಟಿಸಿಯ ಪಾಲು ನೂರಕ್ಕೆ ನಾಲ್ಕು ಎಂದುಕೊಳ್ಳಿ. ನಿಮ್ಮ 10 ಲಕ್ಷದಲ್ಲಿ ಅದು 40 ಸಾವಿರ. ಉಳಿದ ಷೇರುಗಳಿಗಿಂತ ಐಟಿಸಿ ಒಂದು ವರ್ಷ ಶೇ 10ರಷ್ಟು ಹೆಚ್ಚು ಗಳಿಸಿತು ಅಂತಲೇ ಇಟ್ಟುಕೊಳ್ಳಿ. ನಿಮ್ಮ ಕೈತಪ್ಪುವುದು 4 ಸಾವಿರ ರೂಪಾಯಿ. ಅದು ಹಿಂದೆ ಬಿದ್ದ ವರ್ಷ ಅಷ್ಟೇ ನಿಮಗೆ ಉಳಿತಾಯ. ಈಗ ಮಗ ತಂದ ಅರ್ಜಿಯಲ್ಲಿ ‘ರೆಗ್ಯುಲರ್’ ಎಂದಿದೆಯೋ ‘ಡೈರೆಕ್ಟ್’ ಎಂದಿದೆಯೋ ನೋಡಿ. ರೆಗ್ಯುಲರ್ ಆದರೆ ಮಧ್ಯವರ್ತಿಯ ಕಮಿಷನ್ ನಿಮ್ಮ ಹಣದಿಂದಲೇ ಹೋಗುತ್ತದೆ. ಎಷ್ಟೋ ಈಕ್ವಿಟಿ ಫಂಡುಗಳಲ್ಲಿ ಈ ಎರಡರ ಖರ್ಚಿನ ಅಂತರ ವರ್ಷಕ್ಕೆ ಶೇ 1ರ ಹತ್ತಿರ. ಅಂದರೆ 10 ಸಾವಿರ. ಪೇಟೆ ಏರಲಿ ಇಳಿಯಲಿ, ಪ್ರತಿ ವರ್ಷ. ಮೊಮ್ಮಕ್ಕಳ ದುಡ್ಡಿನ ಚಿಂತೆಯಿದ್ದರೆ ಮೊದಲು ಹಿಡಿಯಬೇಕಾದ ಸೋರಿಕೆ ಇದು. ನನ್ನನ್ನು ಕೇಳಲು ಬರುವವರಲ್ಲಿ ಬಹಳ ಮಂದಿ ಇದನ್ನು ನೋಡಿಯೇ ಇರುವುದಿಲ್ಲ, ನನಗದು ನಿಜಕ್ಕೂ ಸಂಕಟ.

ತಂಬಾಕು ಷೇರು ಬಿಡುವುದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದವರೂ ಇದ್ದಾರೆ. ಕ್ಯಾಲಿಫೋರ್ನಿಯಾ ರಾಜ್ಯದ ನೌಕರರ ಪಿಂಚಣಿ ನಿಧಿ, ಕಾಲ್‌ಪರ್ಸ್, 2000ದಲ್ಲಿ ತಂಬಾಕು ಷೇರು ಬೇಡ ಎಂದು ತೀರ್ಮಾನಿಸಿತು. ಆಮೇಲೆ ತಂಬಾಕು ಷೇರುಗಳು ಚೆನ್ನಾಗಿ ಏರಿದವು. ಹದಿನೈದು ವರ್ಷದ ಹೊತ್ತಿಗೆ ಕೈತಪ್ಪಿದ ಲಾಭ ಸುಮಾರು 300 ಕೋಟಿ ಡಾಲರ್ ಎಂದು ಅವರ ಸಲಹೆಗಾರರೇ ಲೆಕ್ಕ ಕೊಟ್ಟರು. ಕೇಳಿದರೆ ಎದೆ ಧಸಕ್ ಎನ್ನುತ್ತದೆ. ಆದರೆ ನಿಧಿಯ ಗಾತ್ರ ಆಗ ಸುಮಾರು 30 ಸಾವಿರ ಕೋಟಿ ಡಾಲರ್. ಅಷ್ಟು ವರ್ಷಕ್ಕೆಲ್ಲ ಸೇರಿ ನೂರಕ್ಕೆ ಒಂದು. 2016ರಲ್ಲಿ ಅವರ ಮಂಡಳಿ ಈ ಲೆಕ್ಕವನ್ನು ಮುಂದಿಟ್ಟುಕೊಂಡೇ ಮತ್ತೆ ಮತ ಹಾಕಿತು, ತಂಬಾಕು ಬೇಡವೆಂದೇ ಉಳಿಯಿತು.

ಇಂಥ ಷೇರುಗಳು ಕೆಲವೊಮ್ಮೆ ಹೆಚ್ಚು ಗಳಿಸಲು ಕಾರಣವೂ ಇದೆ. ಹ್ಯಾರಿಸನ್ ಹಾಂಗ್ ಮತ್ತು ಮಾರ್ಸಿನ್ ಕಾಸ್ಪರ್‌ಚಿಕ್ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ಅದನ್ನು ವಿವರಿಸಿದರು. ನಿಮ್ಮಂಥವರು ದೂರ ನಿಂತರೆ ಆ ಷೇರಿನ ಬೆಲೆ ತಗ್ಗಿರುತ್ತದೆ. ಅಗ್ಗಕ್ಕೆ ಕೊಂಡವರಿಗೆ ಹಾಕಿದ ಹಣಕ್ಕೆ ಹೆಚ್ಚು ಲಾಭಾಂಶ ದಕ್ಕುತ್ತದೆ. ಇನ್ನೊಂದು ಕಡೆ, 2015ರಲ್ಲಿ ಜರ್ಮನಿಯ ಸಂಶೋಧಕರು 2,000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಸುಮಾರು ಶೇ 90ರಷ್ಟರಲ್ಲಿ ಕಂಪನಿಯ ಒಳ್ಳೆಯ ನಡತೆ ಗಳಿಕೆಗೆ ಅಡ್ಡಿಯಾದದ್ದು ಕಾಣಲಿಲ್ಲ. ನಾನು ಎರಡನ್ನೂ ನಂಬುತ್ತೇನೆ. ಬಿಡುವುದಕ್ಕೆ ಒಮ್ಮೊಮ್ಮೆ ಸಣ್ಣ ಬೆಲೆಯಿದೆ, ದಿವಾಳಿ ಎಬ್ಬಿಸುವ ಬೆಲೆಯಲ್ಲ. ಒಳ್ಳೆಯ ಕೆಲಸ ಮಾಡಿದ್ದಕ್ಕೆ ಪೇಟೆ ಹೆಚ್ಚು ಬಡ್ಡಿ ಕೊಡುತ್ತದೆ ಎಂದು ಯಾರಾದರೂ ಹೇಳಿ ಫಂಡು ಮಾರಲು ಬಂದರೆ ಮಾತ್ರ ನಂಬಬೇಡಿ.

ಇಎಸ್‌ಜಿ ಎಂಬ ಹೆಸರು ಕಂಡ ಕೂಡಲೇ ಸಹಿ ಹಾಕಲೂ ಬೇಡಿ. ಪರಿಸರ, ಸಮಾಜ, ಆಡಳಿತ ಮೂರನ್ನೂ ಕೂಡಿಸಿ ಅಂಕ ಕೊಡುವ ಪದ್ಧತಿ ಅದು. ನೀರು, ಇಂಗಾಲದ ಲೆಕ್ಕದಲ್ಲಿ ಮುಂದಿರುವ ಐಟಿಸಿಗೂ ಒಳ್ಳೆಯ ಅಂಕ ಬಂದಿದೆ. ಆಡಳಿತದ ಅಂಕವೂ ಅಷ್ಟಕ್ಕಷ್ಟೆ: ಸತ್ಯಂ ಕಂಪನಿಗೆ 2008ರಲ್ಲಿ ಉತ್ತಮ ಆಡಳಿತದ ಪ್ರಶಸ್ತಿ ಬಂತು, 2009ರ ಜನವರಿಯಲ್ಲಿ ಅದರ ಸುಳ್ಳು ಲೆಕ್ಕ ಬಯಲಾಯಿತು. ಷೇರುಪೇಟೆಯ ನಿಯಂತ್ರಕ ಸೆಬಿ 2023ರಲ್ಲಿ ಇಎಸ್‌ಜಿ ಫಂಡುಗಳನ್ನು ಆರು ಬಗೆಯಾಗಿ ವಿಂಗಡಿಸಿದೆ. ನಿಮಗೆ ಬೇಕಾದದ್ದು ಕೆಲವು ಉದ್ಯಮಗಳನ್ನು ಹೊರಗಿಡುವ ಬಗೆ. ಯಾವುದನ್ನು ಹೊರಗಿಟ್ಟಿದ್ದಾರೆ ಎನ್ನುವುದು ಯೋಜನೆಯ ದಾಖಲೆಯಲ್ಲಿರುತ್ತದೆ. ಏನೇನು ಕೊಂಡಿದ್ದಾರೆ ಎಂಬ ಪಟ್ಟಿಯನ್ನು ಫಂಡಿನವರು ತಿಂಗಳಿಗೊಮ್ಮೆ ಪ್ರಕಟಿಸುತ್ತಾರೆ. ಎರಡನ್ನೂ ಮಗನಿಂದ ಓದಿಸಿ ಕೇಳಿ. ಈ ಫಂಡುಗಳಲ್ಲಿ ಸಾಫ್ಟ್‌ವೇರ್, ಬ್ಯಾಂಕ್ ಷೇರುಗಳೇ ತುಂಬಿರಬಹುದು. ಅದಕ್ಕೇ ಎಲ್ಲವನ್ನೂ ಒಂದರಲ್ಲೇ ಹಾಕಬೇಡಿ. ಐದಾರು ವರ್ಷದೊಳಗೆ ಬೇಕಾಗುವ ದುಡ್ಡು ಷೇರಿನಲ್ಲಿ ಇರುವುದೇ ಬೇಡ, ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆಯಲ್ಲಿರಲಿ.

ಇನ್ನೊಂದು ಮಾತು, ನೋವಾದರೂ ಹೇಳಬೇಕು. ಐಟಿಸಿಯ ಸುಮಾರು ಶೇ 15ರಷ್ಟು ಷೇರು ಎಲ್‌ಐಸಿಯ ಕೈಯಲ್ಲಿದೆ. ನಿಮ್ಮ ಹೆಸರಲ್ಲಿ ಎಲ್‌ಐಸಿ ಪಾಲಿಸಿ ಇದ್ದರೆ ಇಷ್ಟು ವರ್ಷ ಕಟ್ಟಿದ ಕಂತಿನ ಒಂದು ಚೂರು ಅಲ್ಲಿಗೂ ಹೋಗಿರಬಹುದು. ಆ ಕಾರಣಕ್ಕೆ ಪಾಲಿಸಿ ಮುರಿಸಬೇಡಿ, ಅವಧಿಗೆ ಮುಂಚೆ ಮುರಿಸಿದರೆ ನಷ್ಟ ದೊಡ್ಡದು. ನಿಮ್ಮ ಸುತ್ತ ಹೊಗೆಸೊಪ್ಪು ಬೆಳೆದು ಮಕ್ಕಳನ್ನು ಓದಿಸಿದ ಮನೆಗಳೂ ಇವೆ. ಅವರ ಮೇಲೆ ನಿಮಗೆ ಸಿಟ್ಟಿಲ್ಲ ಎಂಬುದು ನನಗೆ ಗೊತ್ತು. ಹೊಸದಾಗಿ ಹಾಕುವ ಈ 10 ಲಕ್ಷ ಮಾತ್ರ ಪೂರ್ತಿ ನಿಮ್ಮ ಕೈಯಲ್ಲಿದೆ. ಅರ್ಜಿ ತುಂಬುವ ದಿನ ಆ 4 ಸಾವಿರ, 10 ಸಾವಿರದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮಗನ ಮುಂದಿಡಿ.