ವಕೀಲರ ಸಂಘಗಳು: ರೋಣದಿಂದ ಲಂಡನ್‌ವರೆಗೆ

1. ಅಂತರರಾಷ್ಟ್ರೀಯ ವಕೀಲರ ಸಂಘ (ಐಬಿಎ): ಸ್ಥಾಪನೆ 1947, ನ್ಯೂಯಾರ್ಕ್. ಕೇಂದ್ರ ಕಚೇರಿ: ಲಂಡನ್. ವಿಶ್ವಸಂಸ್ಥೆಯ ಅಂಗವಲ್ಲ.
• ಮಾನವ ಹಕ್ಕುಗಳ ಸಂಸ್ಥೆ: 1995. ಸ್ಥಾಪಕ ಗೌರವ ಅಧ್ಯಕ್ಷ: ನೆಲ್ಸನ್ ಮಂಡೇಲಾ. ಬೆದರಿಕೆ, ಬಂಧನಕ್ಕೆ ಒಳಗಾದ ವಕೀಲರ ಪರ ದನಿ ಎತ್ತುತ್ತದೆ.
• ಅಂತರರಾಷ್ಟ್ರೀಯ ಮಧ್ಯಸ್ಥಿಕೆಯಲ್ಲಿ ಸಾಕ್ಷ್ಯ ಸಂಗ್ರಹ ನಿಯಮಗಳು: ಪರಿಷ್ಕರಣೆ 2020.

2. ವಕೀಲರ ಪಾತ್ರ ಕುರಿತ ಮೂಲ ತತ್ವಗಳು: 1990, ಹವಾನಾ. ಇದು ವಿಶ್ವಸಂಸ್ಥೆಯದು, ಐಬಿಎಯದಲ್ಲ.

3. ವಕೀಲರ ಅಧಿನಿಯಮ, 1961
• ಕಲಂ 3: ರಾಜ್ಯ ವಕೀಲರ ಪರಿಷತ್ತು. ಕಲಂ 4: ಭಾರತೀಯ ವಕೀಲರ ಪರಿಷತ್ತು.
• ಕಲಂ 30: ವೃತ್ತಿ ನಡೆಸುವ ಹಕ್ಕು. ಜಾರಿ: 2011ರ ಜೂನ್ 15. ಕಾಯ್ದೆ ಬಂದು ಅರ್ಧ ಶತಮಾನದ ಮೇಲೆ!
• ಕಲಂ 35: ದುರ್ವರ್ತನೆಗೆ ಶಿಸ್ತುಕ್ರಮ.

4. ಗೊಂದಲ ಬೇಡ: ಪರಿಷತ್ತು ಶಾಸನಬದ್ಧ, ಸನ್ನದು ನೀಡುತ್ತದೆ, ಅಮಾನತು ಮಾಡುತ್ತದೆ. ಸಂಘ ಸ್ವಯಂಪ್ರೇರಿತ, ತಾಲ್ಲೂಕು ನ್ಯಾಯಾಲಯದ ವಕೀಲರ ಸಂಘಕ್ಕೂ ಐಬಿಎಗೂ ಸನ್ನದು ಕೊಡುವ ಅಧಿಕಾರವಿಲ್ಲ. ರೋಣ, ನರಗುಂದ, ಗಜೇಂದ್ರಗಡದ ಅಭ್ಯರ್ಥಿ ನೋಂದಾಯಿಸಿಕೊಳ್ಳುವುದು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ.

5. ರೋಣ, ನರಗುಂದ, ಗಜೇಂದ್ರಗಡ ಮೂರೂ ಗದಗ ಜಿಲ್ಲೆಯ (ರಚನೆ 1997) ತಾಲ್ಲೂಕುಗಳು. ಈ ಭಾಗದ ಹೈಕೋರ್ಟ್ ಪೀಠ: ಧಾರವಾಡ. ಸಂಚಾರಿ ಪೀಠ 2008, ಕಾಯಂ ಪೀಠ 2013. ಎರಡು ಇಸವಿಗಳನ್ನೂ ಬೇರೆಬೇರೆಯಾಗಿ ನೆನಪಿಡಿ. ಉತ್ತರ ಕರ್ನಾಟಕದ ವಕೀಲರ ದೀರ್ಘ ಹೋರಾಟದ ಫಲವಿದು.

6. ಎ.ಕೆ. ಬಾಲಾಜಿ ಪ್ರಕರಣ, ಸುಪ್ರೀಂ ಕೋರ್ಟ್, 2018: ವಿದೇಶಿ ವಕೀಲರು ಭಾರತದಲ್ಲಿ ವೃತ್ತಿ ನಡೆಸುವಂತಿಲ್ಲ; ಸಲಹೆಗಾಗಿ ಅಪರೂಪಕ್ಕೆ ಬಂದುಹೋಗಬಹುದು ಎಂದು ಆಗ ತೀರ್ಪು ನೀಡಿತು.